8000 ಕೆಲ್ವಿನ್ ಅಂದರೆ ಏನು? ಬಣ್ಣದ ಹೆಡ್‌ಲೈಟ್ ಹಾಕಿಸುವ ಮುಂಚೆ ಒಂದು ಲೆಕ್ಕ

ಅಕ್ಕನ ಮಗ ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಕಾರು ತಗೊಂಡ. ಹತ್ತು ವರ್ಷ ಹಳೆಯದು, ಕೆಎ-17 ನಂಬರು, ಎಂಜಿನ್ ಗಟ್ಟಿಯಾಗಿದೆ. ತಂದ ಮೂರನೇ ದಿನ ಒಂದು ಡಬ್ಬಿ ಹಿಡಿದು ಮನೆಗೆ ಬಂದ. "ಮಾಮ, ಸಂಜೆ ಇದನ್ನ ಫಿಟ್ ಮಾಡಿಸ್ತೀನಿ. ಹಳೇ ಲೈಟಲ್ಲಿ ಏನೂ ಕಾಣಲ್ಲ" ಅಂದ.

ಡಬ್ಬಿ ಕೈಗೆ ತಗೊಂಡು ನೋಡಿದೆ. ಮುಂದೆ ತಿಳಿನೀಲಿ ಬೆಳಕು ಚೆಲ್ಲುವ ಕಾರಿನ ಚಿತ್ರ. ದೊಡ್ಡ ಅಕ್ಷರದಲ್ಲಿ 8000 ಕೆ. ಹಿಂದೆ, ಬಾರ್‌ಕೋಡ್ ಪಕ್ಕದಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಇಂಗ್ಲಿಷಿನಲ್ಲಿ ಒಂದು ಸಾಲು: ಸಾರ್ವಜನಿಕ ರಸ್ತೆಯಲ್ಲಿ ಬಳಸಲು ಅಲ್ಲ. ಅಂಗಡಿಯಲ್ಲಿ ಆ ಸಾಲನ್ನು ಯಾರೂ ಅವನಿಗೆ ತೋರಿಸಿರಲಿಲ್ಲ. ಅವನೂ ಓದಿರಲಿಲ್ಲ.

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಕತ್ತಲಾದ ಮೇಲೆ ಹತ್ತು ನಿಮಿಷ ನಿಂತರೆ ಸಾಕು. ಹಾಲಿನಂಥ ಬಿಳಿ, ನೀಲಿ, ನೇರಳೆ, ನಿಂಬೆ ಹಳದಿ, ಎಲ್ಲಾ ಬಣ್ಣದ ಹೆಡ್‌ಲೈಟೂ ಕಾಣುತ್ತದೆ. ಹಾಕಿಸಿದವರೆಲ್ಲ ಶೋಕಿಗೆ ಹಾಕಿಸಿದವರು ಅಂತ ನಾನು ಹೇಳಲ್ಲ. ಬಹಳ ಜನಕ್ಕೆ ನಿಜವಾಗಿಯೂ ರಾತ್ರಿ ರಸ್ತೆ ಕಾಣುತ್ತಿಲ್ಲ. ಅವರ ಕಷ್ಟ ಖರೆ. ಆದರೆ ಅದಕ್ಕೆ ಅಂಗಡಿಯಲ್ಲಿ ಸಿಗುವ ಮದ್ದು ಬೇರೆ ಯಾವುದೋ ಕಾಯಿಲೆಯದ್ದು. ಇದನ್ನು ಅವನಿಗೆ ಬಿಡಿಸಿ ಹೇಳೋಕೆ ನನಗೆ ಎರಡು ಸಂಜೆ ಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ 8000 ಕೆ. ಇಲ್ಲಿ ಕೆ ಅಂದರೆ ಕೆಲ್ವಿನ್. ಅದು ಬೆಳಕಿನ ಬಣ್ಣದ ಅಳತೆ, ಬೆಳಕಿನ ಪ್ರಮಾಣದ ಅಳತೆ ಅಲ್ಲವೇ ಅಲ್ಲ. ಕಾರಿನ ಜೊತೆ ಬರುವ ಹ್ಯಾಲೊಜೆನ್ ಬಲ್ಬಿನ ಬೆಳಕು ಸುಮಾರು 3200 ಕೆಲ್ವಿನ್, ಸ್ವಲ್ಪ ಹಳದಿ. ನಡುಹಗಲ ಬಿಸಿಲು ಸುಮಾರು 5500. ಅದರ ಮೇಲೆ ಹೋದಂತೆ ಬೆಳಕು ನೀಲಿಯಾಗುತ್ತದೆ, ಅಷ್ಟೇ. 8000 ಅನ್ನುವುದು 4000ದ ಎರಡರಷ್ಟು ಬೆಳಕು ಅಂತ ತಿಳಿದು ದುಡ್ಡು ಕೊಡುವವರು ತುಂಬಾ ಜನ ಇದ್ದಾರೆ. ಬೆಳಕು ಎಷ್ಟು ಅನ್ನೋದನ್ನು ಅಳೆಯುವುದು ಲ್ಯೂಮೆನ್‌ನಲ್ಲಿ. ಸಾಮಾನ್ಯ ಎಚ್4 ಹ್ಯಾಲೊಜೆನ್ ಬಲ್ಬು (ಹೈ, ಲೋ ಎರಡೂ ಒಂದೇ ಬಲ್ಬಿನಲ್ಲಿರುವ ನಮೂನೆ) ಲೋ ಬೀಮ್‌ನಲ್ಲಿ, ಅಂದರೆ ಡಿಮ್ ಮಾಡಿದಾಗ, ಸುಮಾರು 1000 ಲ್ಯೂಮೆನ್, ದೂರಕ್ಕೆ ಬಿಡುವ ಹೈ ಬೀಮ್‌ನಲ್ಲಿ ಸುಮಾರು 1650 ಲ್ಯೂಮೆನ್ ಕೊಡುತ್ತದೆ.

ನೀಲಿ ಬಣ್ಣ ಬಳಿದ ಹ್ಯಾಲೊಜೆನ್ ಬಲ್ಬಿನ ಕಥೆ ಇನ್ನೂ ಬೇಸರದ್ದು. ಕಾದ ತಂತಿಯಿಂದ ಬರುವ ಬೆಳಕಿನಲ್ಲಿ ಹಳದಿ, ಕೆಂಪು ಜಾಸ್ತಿ, ನೀಲಿ ಕಮ್ಮಿ. ಗಾಜಿನ ಮೇಲಿನ ನೀಲಿ ಲೇಪ ಹೊಸದಾಗಿ ನೀಲಿ ಬೆಳಕನ್ನು ಹುಟ್ಟಿಸುವುದಿಲ್ಲ. ಹಳದಿ, ಕೆಂಪನ್ನು ತಡೆದು ಉಳಿದಿದ್ದನ್ನು ಹೊರಗೆ ಬಿಡುತ್ತದೆ. ಅಂದರೆ ದುಡ್ಡು ಕೊಟ್ಟು ಇದ್ದ ಬೆಳಕನ್ನೇ ಕಮ್ಮಿ ಮಾಡಿಕೊಂಡ ಹಾಗೆ. ಡೂಮ್ (ಬಲ್ಬು ಕೂರುವ ಹೆಡ್‌ಲೈಟಿನ ಇಡೀ ಗೂಡು) ಮೇಲೆ ಬಣ್ಣದ ಫಿಲ್ಮ್ ಅಂಟಿಸಿದರೂ ಇದೇ ಲೆಕ್ಕ.

ಎಲ್‌ಇಡಿಯಲ್ಲಿ ಕತೆ ಬೇರೆ. ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ಬೆಳಕು ಕೊಡುವ ಸಣ್ಣ ಎಲೆಕ್ಟ್ರಾನಿಕ್ ಚಿಪ್. ಅದರ ಮೇಲೆ ಹಳದಿ ಫಾಸ್ಫರ್ ಲೇಪ, ನೀಲಿ ಬೆಳಕು ಬಿದ್ದರೆ ಹಳದಿ ಬೆಳಕು ಬಿಡುವ ವಸ್ತು. ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿ. ಆ ನೀಲಿ ಎಲ್‌ಇಡಿಯನ್ನು ಕಂಡುಹಿಡಿದ ಅಕಾಸಾಕಿ, ಅಮಾನೊ, ನಕಮುರಾ ಮೂವರಿಗೂ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನಮ್ಮ ಮನೆ ಮನೆಯ ಕರೆಂಟು ಬಿಲ್ಲು ಇಳಿಸಿದ ವಿದ್ಯೆ ಅದು. ಹಾಗಾಗಿ ಎಲ್‌ಇಡಿಯ ಮೇಲೆ ನನಗೆ ಸಿಟ್ಟಿಲ್ಲ. ಹ್ಯಾಲೊಜೆನ್‌ಗೆ ಅಂತ ಮಾಡಿದ ಡೂಮ್ ಒಳಗೆ ಅದನ್ನು ತುರುಕುವುದರ ಬಗ್ಗೆ ನನ್ನ ತಕರಾರು.

ಯಾಕೆ ಅಂತ ನೋಡಬೇಕಾದರೆ ಹಳೇ ಎಚ್4 ಬಲ್ಬನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಗಾಜನ್ನು ಬೆರಳಿನಿಂದ ಮುಟ್ಟಬೇಡಿ, ಕೈಯ ಜಿಡ್ಡು ಕೂತರೆ ಆ ಜಾಗ ಜಾಸ್ತಿ ಕಾದು ಬಲ್ಬು ಬೇಗ ಹೋಗುತ್ತದೆ. ಒಳಗೆ ಎರಡು ತಂತಿ ಸುರುಳಿ ಇವೆ. ಒಂದು ಹೈ ಬೀಮ್‌ಗೆ, ಒಂದು ಲೋ ಬೀಮ್‌ಗೆ. ಲೋ ಬೀಮ್ ಸುರುಳಿಯ ಕೆಳಗೆ ಒಂದು ಪುಟ್ಟ ಲೋಹದ ತೊಟ್ಟಿಲು ಕಾಣುತ್ತದೆ. ಬಲ್ಬಿನ ಹಿಂದಿನ ರಿಫ್ಲೆಕ್ಟರ್ ಕನ್ನಡಿ, ಈ ಸುರುಳಿ ಇಂಥ ಜಾಗದಲ್ಲೇ ಇರುತ್ತದೆ ಅಂತ ಮಿಲಿಮೀಟರ್ ಲೆಕ್ಕದಲ್ಲಿ ನಂಬಿ ಮಾಡಿದ್ದು. ಆ ತೊಟ್ಟಿಲು ಕೆಳಗಿನ ಅರ್ಧ ಕನ್ನಡಿಗೆ ಬೆಳಕು ಬೀಳದಂತೆ ತಡೆಯುತ್ತದೆ. ಅಲ್ಲಿಗೆ ಬೆಳಕು ಬಿದ್ದರೆ ಅದು ಮೇಲಕ್ಕೆ, ಎದುರಿನವರ ಕಣ್ಣಿಗೆ ಹೋಗುತ್ತದೆ. ಲೋ ಬೀಮ್ ಹಾಕಿ ಗೋಡೆಗೆ ಬೆಳಕು ಬಿಟ್ಟಾಗ ಮೇಲೆ ಕತ್ತಲು, ಕೆಳಗೆ ಬೆಳಕು, ನಡುವೆ ಚಾಕುವಿನಲ್ಲಿ ಕೊಯ್ದಂಥ ಗೆರೆ ಕಾಣುತ್ತದಲ್ಲ, ಅದು ಆ ತೊಟ್ಟಿಲಿನ ಕೆಲಸ. ನಾವು ಎಡಕ್ಕೆ ಓಡಿಸುವವರಾದ್ದರಿಂದ ಗೆರೆ ಎಡಬದಿಯಲ್ಲಿ ಮಾತ್ರ ಸ್ವಲ್ಪ ಮೇಲೇರುತ್ತದೆ. ರಸ್ತೆ ಅಂಚಿನಲ್ಲಿ ನಡೆಯುವವರು ಕಾಣಲಿ ಅಂತ.

ಈಗ ಅಲ್ಲಿ ಎಲ್‌ಇಡಿ ಬಲ್ಬು ಬಂತು. ಸಣ್ಣ ಸುರುಳಿಯ ಬದಲು ಚಪ್ಪಟೆ ಪಟ್ಟಿ, ಎರಡೂ ಪಕ್ಕದಲ್ಲಿ ಚಿಪ್‌ಗಳು. ಸುರುಳಿ ಸುತ್ತಲೂ ಬೆಳಕು ಬಿಡುತ್ತಿತ್ತು, ಇದು ಬಿಡುವುದು ಎರಡು ಪಕ್ಕಕ್ಕೆ. ಕನ್ನಡಿ ನಂಬಿದ ಜಾಗದಲ್ಲಿ ಬೆಳಕು ಹುಟ್ಟುತ್ತಿಲ್ಲ. ಆ ಕೊಯ್ದ ಗೆರೆ ಕದಡಿಹೋಗಿ ಬೆಳಕು ಮೇಲೂ ಚೆಲ್ಲುತ್ತದೆ. ಸ್ಟಿಯರಿಂಗ್ ಹಿಂದೆ ಕೂತವನಿಗೆ ಕಾರಿನ ಮುಂದಿನ ಹತ್ತು ಹದಿನೈದು ಮೀಟರ್ ಬೆಳ್ಳಗೆ ಹೊಳೆಯುತ್ತದೆ. ವಾಹ್ ಅನ್ನಿಸುತ್ತದೆ. ಆದರೆ ಹತ್ತಿರ ಅಷ್ಟು ಹೊಳೆದರೆ ಕಣ್ಣು ಅದಕ್ಕೇ ಹೊಂದಿಕೊಂಡು ದೂರದ ಕತ್ತಲಲ್ಲಿರುವುದು ಇನ್ನೂ ಕಮ್ಮಿ ಕಾಣುತ್ತದೆ. 80 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಬೇಕಾದ್ದು ಬಾನೆಟ್ ಮುಂದಿನ ಜಾಗವಲ್ಲ, ಐವತ್ತು ಅರವತ್ತು ಮೀಟರ್ ಆಚೆಯದ್ದು.

ಜರ್ಮನಿಯಲ್ಲಿ 2020ರಲ್ಲಿ ಹ್ಯಾಲೊಜೆನ್ ಜಾಗಕ್ಕೆ ಹಾಕುವ ಒಂದು ಎಲ್‌ಇಡಿ ಬಲ್ಬಿಗೆ ಅನುಮತಿ ಕೊಟ್ಟರು. ಆದರೆ ಎಲ್ಲಾ ಕಾರಿಗೂ ಅಲ್ಲ. ಈ ಬಲ್ಬು ಈ ಮಾಡೆಲ್‌ನ ಈ ಹೆಡ್‌ಲೈಟಿನಲ್ಲಿ ಪರೀಕ್ಷೆಯಾಗಿದೆ ಅಂತ ಪಟ್ಟಿಯಲ್ಲಿದ್ದರೆ ಮಾತ್ರ. ಬಲ್ಬು ಮತ್ತು ಡೂಮ್ ಎರಡೂ ಸೇರಿದರೇ ಹೆಡ್‌ಲೈಟು, ಒಂದನ್ನು ಬಿಟ್ಟು ಇನ್ನೊಂದನ್ನು ಅಳೆಯೋಕೆ ಬರಲ್ಲ ಅನ್ನುವುದು ಅದರ ಹಿಂದಿನ ತಿಳಿವಳಿಕೆ. ನಮ್ಮಲ್ಲಿ ಅಂಗಡಿಯವರು ಕೇಳುವುದು ಒಂದೇ ಪ್ರಶ್ನೆ: ಎಚ್4 ಹೋಲ್ಡರ್ರಾ, ಎಚ್7 ಹೋಲ್ಡರ್ರಾ? ಹೋಲ್ಡರ್‌ಗೆ ಕೂತರೆ ಆಯಿತು.

ಎದುರಿನವನ ಕಡೆಯಿಂದ ಇದು ಹೇಗಿರುತ್ತದೆ ಅಂತ ನನಗೆ ಗೊತ್ತು. ಮೆಕ್ಕೆಜೋಳದ ಸುಗ್ಗಿ ಸಮಯ. ಜಗಳೂರಿನಿಂದ ರಾತ್ರಿ ವಾಪಸ್ ಬರುತ್ತಿದ್ದೆ. ಬಿಳಿಚೋಡು ದಾಟಿ ಅಣಜಿ ಕಡೆಗೆ. ಆ ಭಾಗದಲ್ಲಿ ನಡುವೆ ಡಿವೈಡರ್ ಇರಲಿಲ್ಲ, ಬೀದಿ ದೀಪವೂ ಇಲ್ಲ. ಎದುರಿಗೆ ನೀಲಿ ಬಿಳುಪಿನ ಎರಡು ಉಂಡೆ ಬಂತು. ಡಿಪ್ ಹೊಡೆದೆ. ಆ ಕಡೆಯವರೂ ಡಿಮ್ ಮಾಡಿದರು ಅಂತ ಕಾಣುತ್ತದೆ, ಏನೂ ವ್ಯತ್ಯಾಸವಾಗಲಿಲ್ಲ. ಕಾರು ದಾಟಿ ಹೋದ ಮೇಲೆ ನನ್ನ ಮುಂದೆ ಬರೀ ಕಪ್ಪು. ಆ ಕಪ್ಪಿನ ಮಧ್ಯೆ ಹಸಿರು ಹಸಿರು ಚುಕ್ಕೆ. ಕಾಲು ತಾನಾಗೇ ಬ್ರೇಕ್ ಮೇಲೆ ಹೋಯಿತು. ಗಾಡಿ ನಿಂತಾಗ ಮುಂದೆ ಮೂರು ಮಾರು ದೂರದಲ್ಲಿ ಮೆಕ್ಕೆಜೋಳದ ಚೀಲ ತುಂಬಿದ ಟ್ರೇಲರ್. ಹಿಂದೆ ಕೆಂಪು ದೀಪ ಇಲ್ಲ, ರಿಫ್ಲೆಕ್ಟರ್ ಪಟ್ಟಿ ಇಲ್ಲ. ಟ್ರೇಲರ್‌ನ ಕೊಂಡಿಯ ಹತ್ತಿರ ಒಬ್ಬ ಹುಡುಗ ಕೂತು ನನ್ನನ್ನೇ ನೋಡುತ್ತಿದ್ದ. ಅವನ ಮುಖ ನನಗೆ ಇವತ್ತಿಗೂ ನೆನಪಿದೆ.

ಲೆಕ್ಕ ಹಾಕಿದರೆ ಹೀಗೆ. 80 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ಕಣ್ಣು ಸುಧಾರಿಸಿಕೊಳ್ಳೋಕೆ ಬರೀ ಐದು ಸೆಕೆಂಡ್ ಹಿಡಿಯಿತು ಅಂದುಕೊಳ್ಳಿ. ಅಷ್ಟರಲ್ಲಿ ಗಾಡಿ 110 ಮೀಟರ್ ದಾಟಿರುತ್ತದೆ, ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗೆ. ವಯಸ್ಸಾದವರ ಕಣ್ಣಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಪೊರೆ ಶುರುವಾಗಿದ್ದರೆ ಬೆಳಕು ಕಣ್ಣಿನ ಒಳಗೇ ಚದುರಿ ಇಡೀ ನೋಟವೇ ಬೆಳ್ಳಗಾಗುತ್ತದೆ. ಅದರಲ್ಲೂ ನೀಲಿ ಹೆಚ್ಚಿರುವ ಬೆಳಕು, ಅಷ್ಟೇ ಪ್ರಮಾಣದ ಹಳದಿ ಬೆಳಕಿಗಿಂತ ಜಾಸ್ತಿ ಚುಚ್ಚುತ್ತದೆ.

ಇದು ಕಾರಿನವರ ನಡುವಿನ ಮಾತಷ್ಟೇ ಅಲ್ಲ. ಭದ್ರಾ ನಾಲೆ ಬದಿಯ ಊರುಗಳಲ್ಲಿ ರಾತ್ರಿ ಗದ್ದೆಗೆ ನೀರು ಕಟ್ಟೋಕೆ ಹೋಗುವವರು ಟಿವಿಎಸ್ ಎಕ್ಸೆಲ್ ಮೇಲೆ, ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ಹೋಗುತ್ತಾರೆ. ಪಕ್ಕದಲ್ಲೇ ನಾಲೆ. ಎದುರಿನ ಬೆಳಕಿಗೆ ಕಣ್ಣು ಕತ್ತಲಾದರೆ ಅವರು ಎಲ್ಲಿಗೆ ತಿರುಗಬೇಕು? ಆರು ಲೇನಿನ ಹೆದ್ದಾರಿ 48ರಲ್ಲಿ ಡಿವೈಡರ್ ಇದೆ, ಅಲ್ಲಿ ಕಷ್ಟ ಕಮ್ಮಿ. ಊರಿಂದ ಊರಿಗೆ ಹೋಗುವ ರಸ್ತೆಗಳಲ್ಲೇ ಜೀವ ಕೈಯಲ್ಲಿ ಹಿಡಿಯಬೇಕಾಗಿರುವುದು.

ಹಳದಿ ಲೈಟಿನ ಬಗ್ಗೆಯೂ ಒಂದು ಮಾತು. "ಹಳದಿ ಮಂಜನ್ನು ಸೀಳಿಕೊಂಡು ಹೋಗುತ್ತೆ" ಅಂತ ಚಿತ್ರದುರ್ಗದ ಕಡೆ ಎಲ್ಲರೂ ಹೇಳುತ್ತಾರೆ. ಜೋಗಿಮಟ್ಟಿ ಕಡೆ ಬೆಳಗಿನ ಮಂಜು ನೋಡಿದವರಿಗೆ ಈ ಆಸೆ ಸಹಜ. ಆದರೆ ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡವು. ಅವು ಹಳದಿ, ನೀಲಿ ಅಂತ ಭೇದ ಮಾಡದೆ ಎಲ್ಲವನ್ನೂ ಒಂದೇ ಥರ ಚದುರಿಸುತ್ತವೆ. ಫಾಗ್ ಲ್ಯಾಂಪ್ ಕೆಲಸ ಮಾಡುವುದು ಅದು ತಗ್ಗಿನಲ್ಲಿ ಕೂತು, ಅಗಲವಾಗಿ, ನೆಲಕ್ಕೆ ಹತ್ತಿರ ಬೆಳಕು ಬಿಡುವುದರಿಂದ. ಫ್ರಾನ್ಸ್‌ನಲ್ಲಿ 1930ರ ದಶಕದ ಕೊನೆಯಿಂದ 1993ರವರೆಗೆ ಕಾರುಗಳಿಗೆ ಹಳದಿ ಹೆಡ್‌ಲೈಟೇ ಕಡ್ಡಾಯವಾಗಿತ್ತು. ಕೊನೆಗೆ ಅವರೂ ಕೈಬಿಟ್ಟರು. ಹಳದಿ ಎದುರಿನವರನ್ನು ಅಷ್ಟು ಚುಚ್ಚುವುದಿಲ್ಲ ಅನ್ನುವುದು ನಿಜ. ಬಣ್ಣಗಳಲ್ಲಿ ಕಮ್ಮಿ ಕೆಡುಕಿನದು ಅದೇ.

ಕಾನೂನು ಏನು ಹೇಳುತ್ತದೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದಲ್ಲಿ ಅಳತೆಯೇ ಇದೆ. ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕೋರೈಸಬಾರದು. 108ನೇ ನಿಯಮದ ಪ್ರಕಾರ ಮುಂದೆ ಕೆಂಪು ದೀಪ ಕಾಣುವಂತಿಲ್ಲ. ಮಿನುಗುವ ನೀಲಿ ದೀಪ ತುರ್ತು ಸೇವೆಯ ವಾಹನಗಳಿಗೆ ಮಾತ್ರ. ಖಾಸಗಿ ಕಾರಿನ ಗ್ರಿಲ್‌ನಲ್ಲಿ ನೀಲಿ ಮಿನುಗಿದರೆ ಮುಂದಿರುವವರು ಆಂಬ್ಯುಲೆನ್ಸ್ ಅಂತ ಗಾಬರಿಯಿಂದ ಪಕ್ಕಕ್ಕೆ ಎಳೆಯುತ್ತಾರೆ.

ದಂಡದ ವಿಷಯ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 182ಎ ಕಲಂ ಸೇರಿತು. ಅದರ ನಾಲ್ಕನೇ ಉಪಕಲಂ ಪ್ರಕಾರ, ನಿಯಮ ಒಪ್ಪದ ರೀತಿಯಲ್ಲಿ ಹೊರಗಿನ ಭಾಗ ಜೋಡಿಸಿ ಗಾಡಿ ಬದಲಾಯಿಸಿದರೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಎರಡೂ. ಅದೇ ವರ್ಷ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಹಿಡಿದು "ಗಾಡಿಗೆ ಏನು ಮಾಡಿಸಿದರೂ ತಪ್ಪು" ಅಂತ ಕೆಲವರು ಹೆದರಿಸುತ್ತಾರೆ. ಆ ತೀರ್ಪು 52ನೇ ಕಲಂ ಕುರಿತದ್ದು, ಆರ್‌ಸಿಯಲ್ಲಿರುವ (ನೋಂದಣಿ ಪತ್ರದಲ್ಲಿರುವ) ವಿವರಕ್ಕೂ ಗಾಡಿಗೂ ತಾಳೆಯಾಗದಂಥ ಬದಲಾವಣೆ ಮಾಡಬಾರದು ಅನ್ನುವುದು. ಹೋದ ಬಲ್ಬಿನ ಜಾಗಕ್ಕೆ ಅದೇ ಥರದ, ಅದೇ ವ್ಯಾಟಿನ ಬಲ್ಬು ಹಾಕಿಸುವುದಕ್ಕೆ ಯಾರೂ ಹೆದರಬೇಕಿಲ್ಲ.

2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಲೈಟುಗಳ ಮೇಲೆ ವಿಶೇಷ ಕಾರ್ಯಾಚರಣೆ ಶುರು ಮಾಡಿದರು. ನನಗೆ ಖುಷಿಯಾಯಿತು. ಆದರೆ ರಸ್ತೆಯಲ್ಲಿ ನಿಲ್ಲಿಸಿ ಹಿಡಿಯುವುದರಿಂದ ಇದು ಮುಗಿಯಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಕಾರಣ ಇಷ್ಟೇ. ಲಾರಿ, ಬಸ್ಸು, ಟ್ಯಾಕ್ಸಿಗೆ ಆಗಾಗ ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನುವ ಪತ್ರ, ಮಾಡಿಸಬೇಕು. ಸ್ವಂತ ಕಾರಿಗೆ ಮೊದಲ ನೋಂದಣಿ 15 ವರ್ಷ. ಆ 15 ವರ್ಷದಲ್ಲಿ ಅದರ ಹೆಡ್‌ಲೈಟ್ ಎಲ್ಲಿಗೆ ನೋಡುತ್ತಿದೆ ಅಂತ ಸರ್ಕಾರದ ಯಾವ ಕಣ್ಣೂ ಪರೀಕ್ಷೆ ಮಾಡುವುದಿಲ್ಲ. ಆದರೆ ಹೊಗೆ ತಪಾಸಣೆಗೆ ನಾವೆಲ್ಲ ಹೋಗೇ ಹೋಗುತ್ತೇವೆ ಅಲ್ವಾ? ಅಲ್ಲೇ ಒಂದು ಗೋಡೆ, ಗೋಡೆ ಮೇಲೊಂದು ಗೆರೆ ಇದ್ದರೆ ಸಾಕು. ಐದು ನಿಮಿಷದ ಕೆಲಸ. ಇದನ್ನು ಕಡ್ಡಾಯ ಮಾಡಲಿ ಅಂತ ನಾನು ಮನಸಾರೆ ಕೇಳುತ್ತೇನೆ. ಯಾಕೆಂದರೆ ಕಂಪನಿಯಿಂದಲೇ ಎಲ್‌ಇಡಿ ಹಾಕಿಕೊಂಡು ಬಂದ, ಯಾವ ದಂಡಕ್ಕೂ ಸಿಗದ ಕಾರುಗಳೂ ದಿಕ್ಕು ತಪ್ಪಿದರೆ ಅಷ್ಟೇ ಕಣ್ಣು ಕುಕ್ಕುತ್ತವೆ.

ದಿಕ್ಕಿನ ಲೆಕ್ಕ ಎಷ್ಟು ಸೂಕ್ಷ್ಮ ಅಂತ ನೋಡಿ. ಹೆಡ್‌ಲೈಟ್ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ಬೆಳಕಿನ ಗೆರೆ ನೂರಕ್ಕೆ ಒಂದರಂತೆ ಕೆಳಗೆ ಬಾಗಿದ್ದರೆ 65 ಮೀಟರ್ ದೂರದಲ್ಲಿ ರಸ್ತೆ ಮುಟ್ಟುತ್ತದೆ. ಅದೇ ಗೆರೆ ನೂರಕ್ಕೆ ಒಂದರಂತೆ ಮೇಲಕ್ಕೆ ನೋಡಿದರೆ 60 ಮೀಟರ್ ದೂರದಲ್ಲಿ ಅದರ ಎತ್ತರ 125 ಸೆಂಟಿಮೀಟರ್. ಎದುರಿನ ಕಾರಿನವರ ಕಣ್ಣು ಹೆಚ್ಚೂಕಮ್ಮಿ ಅಲ್ಲೇ ಇರುತ್ತದೆ. ಸರಿಗೂ ತಪ್ಪಿಗೂ ನಡುವೆ ಒಂದು ಡಿಗ್ರಿ ಚಿಲ್ಲರೆ ಅಂತರ. ಜಾತ್ರೆಗೆ ಹೊರಟಾಗ ಹಿಂದೆ ಮೂವರು, ಡಿಕ್ಕಿ ತುಂಬಾ ಪಾತ್ರೆ ಪಗಡ ತುಂಬಿ ಗಾಡಿ ಹಿಂದುಗಡೆ 5 ಸೆಂಟಿಮೀಟರ್ ಕೂತರೂ ಸಾಕು, ಆ ಅಂತರ ಮುಗಿದುಹೋಗುತ್ತದೆ. ಸ್ಟಿಯರಿಂಗ್ ಪಕ್ಕ 0, 1, 2, 3 ಅಂತ ಬರೆದ ಸಣ್ಣ ಚಕ್ರ ಇರುತ್ತದೆ ನೋಡಿ, ಅದು ಇರುವುದೇ ಇದಕ್ಕೆ. ಭಾರ ಹೆಚ್ಚಿದಾಗ ಅಂಕಿ ಏರಿಸಿದರೆ ಬೆಳಕು ಕೆಳಗೆ ಇಳಿಯುತ್ತದೆ. ನಾನು ಕೇಳಿದ ಕಾರಿನವರಲ್ಲಿ ಅದು ಯಾತಕ್ಕೆ ಅಂತ ಹೇಳಿದವರು ಬಹಳ ಕಮ್ಮಿ.

ಹಾಗಾದರೆ ರಾತ್ರಿ ರಸ್ತೆ ಕಾಣದವರು ಏನು ಮಾಡಬೇಕು? ಮೊದಲು ಡೂಮ್ ನೋಡಿ. ಹತ್ತು ವರ್ಷದ ಬಿಸಿಲಿಗೆ ಮುಂದಿನ ಪ್ಲಾಸ್ಟಿಕ್ ಹಳದಿಗಟ್ಟಿ ಮಬ್ಬಾಗಿರುತ್ತದೆ. ನಮ್ಮ ಸೀಮೆಯ ಧೂಳು ಬೇರೆ. ಪಾಲಿಶ್ ಮಾಡಿಸಿದರೆ ಅರ್ಧ ಕಷ್ಟ ಅಲ್ಲಿಗೇ ತೀರಬಹುದು. ಡ್ರೈವರ್ ಎದುರಿನ ದೊಡ್ಡ ಗಾಜಿನ ಒಳಮೈ ಒರೆಸಿ, ಹೊಗೆಯ ಜಿಡ್ಡು ಅಲ್ಲಿ ಕೂತಿರುತ್ತದೆ. ಆಮೇಲೆ ವೈರಿಂಗ್. ಹ್ಯಾಲೊಜೆನ್‌ಗೆ ಹೋಗುವ ವೋಲ್ಟೇಜ್ ನೂರಕ್ಕೆ 10ರಷ್ಟು ಇಳಿದರೆ ಬೆಳಕು ಸುಮಾರು 30ರಷ್ಟು ಇಳಿಯುತ್ತದೆ. ತುಕ್ಕು ಹಿಡಿದ ಅರ್ತ್ ವೈರು, ಬಲ್ಬಿಗೆ ವೈರು ಸೇರುವ ಕಡೆ ಸುಟ್ಟು ಕಪ್ಪಾದ ಕಪ್ಲರ್ ಇದ್ದರೆ ಹೊಸ ಬಲ್ಬು ಹಾಕಿಯೂ ಪ್ರಯೋಜನವಿಲ್ಲ. ಬಲ್ಬು ಹಳೆಯದಾಗಿದ್ದರೆ ಎರಡೂ ಕಡೆ ಒಟ್ಟಿಗೆ ಬದಲಾಯಿಸಿ, ಅದೇ 60/55 ವ್ಯಾಟಿನದು (ಹೈ ಬೀಮ್‌ಗೆ 60, ಲೋ ಬೀಮ್‌ಗೆ 55). 100/90 ವ್ಯಾಟಿನ ಬಲ್ಬು ಕೇಳಬೇಡಿ. ಅದು ಎಳೆಯುವುದು 8 ಆಂಪಿಯರ್‌ಗೂ ಜಾಸ್ತಿ. ಕಂಪನಿಯ ವೈರು 5 ಆಂಪಿಯರ್ ಲೆಕ್ಕಕ್ಕೆ ಹಾಕಿದ್ದು. ಹೋಲ್ಡರ್ ಕರಗುತ್ತದೆ. ವೈರು ಕತ್ತರಿಸಿ ಜೋಡಿಸಿದ ಗಾಡಿಗೆ ಬೆಂಕಿ ಬಿದ್ದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೂ ಅದನ್ನೇ.

ಎರಡನೇ ಸಂಜೆ ಅಕ್ಕನ ಮಗನ ಕಾರನ್ನು ಮನೆ ಹಿಂದಿನ ಗೋಡೌನ್ ಗೋಡೆಯ ಎದುರು ನಿಲ್ಲಿಸಿದೆವು. ಟೇಪು ಹಿಡಿದು ಸರಿಯಾಗಿ 10 ಮೀಟರ್. ಟೈರಿಗೆ ಗಾಳಿ ನೋಡಿದೆವು, ಅವನು ಒಳಗೆ ಕೂತ. ಲೈಟಿನ ನಡುಮಧ್ಯದ ಎತ್ತರ ಅಳೆದು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ. ಅದರ ಕೆಳಗೆ 10 ಸೆಂಟಿಮೀಟರ್ ಬಿಟ್ಟು ಇನ್ನೊಂದು. ಲೋ ಬೀಮ್ ಗೆರೆ ಕೆಳಗಿನ ಗೆರೆಯ ಮೇಲೆ ಕೂರಬೇಕು. ಎಡಗಡೆಯದು ಕೂತಿತ್ತು. ಬಲಗಡೆಯದು ಮೇಲಿನ ಗೆರೆಗಿಂತಲೂ ಒಂದು ಗೇಣು ಮೇಲಿತ್ತು. ಹಳೇ ಮಾಲೀಕ ಎಂದೋ ಬಂಪರ್ ರಿಪೇರಿ ಮಾಡಿಸಿದಾಗ ಹಾಗೇ ಬಿಟ್ಟಿರಬೇಕು.

"ಅಂದ್ರೆ ಇಷ್ಟು ದಿನ ನಾನೂ ಎದುರಿನೋರ ಕಣ್ಣಿಗೇ ಬಿಡ್ತಿದ್ನಾ ಮಾಮ?" ಅಂದ.

ಬಾನೆಟ್ ಎತ್ತಿ, ಡೂಮ್ ಹಿಂದಿನ ಸ್ಕ್ರೂ ಹುಡುಕಿ, ಸ್ಕ್ರೂಡ್ರೈವರ್‌ನಲ್ಲಿ ಅವನೇ ತಿರುಗಿಸಿದ. ಗೋಡೆ ಮೇಲಿನ ಬೆಳಕು ನಿಧಾನಕ್ಕೆ ಇಳಿದು ಕೆಳಗಿನ ಗೆರೆಗೆ ಬಂದು ನಿಂತಿತು. ಮಾರನೇ ದಿನ ಡೂಮ್ ಪಾಲಿಶ್ ಮಾಡಿಸಿಕೊಂಡು ಬಂದ. ರಾತ್ರಿ ಇಬ್ಬರೂ ಹದಡಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆವು. ಒಬ್ಬರು ಕರಿ ಕಂಬಳಿ ಹೊದ್ದು ರಸ್ತೆ ಅಂಚಿನಲ್ಲಿ ನಡೆದು ಹೋಗುತ್ತಿದ್ದರು. ನಾನು ಹೇಳುವ ಮುಂಚೆಯೇ ಅವನು ಆಕ್ಸಿಲೇಟರ್‌ನಿಂದ ಕಾಲು ತೆಗೆದ. ನೀಲಿ ಲೈಟಿನ ಡಬ್ಬಿಯನ್ನು ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ, ಸೀಲ್ ಒಡೆದಿದೆ ಅಂದರಂತೆ. ಅದು ನಮ್ಮ ಮನೆಯ ಅಟ್ಟದ ಮೇಲಿದೆ.